ಒಂದೇ ಹಾಸಿಗೆ, ಎರಡು ಪಾಳಿ

ಮಾರ್ಚ್ 4, ಬುಧವಾರ

ಬೆಳಿಗ್ಗೆ ಎಂದಿನಂತೆ ಬಾಗಿಲಲ್ಲೇ ಭೇಟಿ. ಇವರು ಬೇಕರಿಯಿಂದ ಒಳಗೆ, ನಾನು ಲ್ಯಾಬಿಗೆ ಹೊರಗೆ. ಕೀ ಕೊಟ್ಟೆ, ಬ್ರೆಡ್ ಕೊಟ್ಟರು. ತೋಳಿನ ಮೇಲೆಲ್ಲ ಮೈದಾ. ಹಾಲು ಬಂದಿದೆ ಎಂದೆ, ಹ್ಞೂಂ ಎಂದರು. ಅಲ್ಲಿಗೆ ಇವತ್ತಿನ ಸಂಸಾರ ಮುಗಿಯಿತು.

ಇಪ್ಪತ್ತೊಂದು ವರ್ಷದಿಂದ ಹೀಗೇ. ರಾತ್ರಿಯೆಲ್ಲ ಇವರು ಭಟ್ಟಿಯ ಮುಂದೆ. ಹಗಲೆಲ್ಲ ನಾನು ಜನರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಾ. ಮನೆಯಲ್ಲಿ ಹಾಸಿಗೆ ಒಂದೇ, ಮಲಗುವುದು ಸರದಿಯ ಮೇಲೆ. ವಾರದ ರಜೆಯ ರಾತ್ರಿಯೂ ಇವರಿಗೆ ನಿದ್ದೆ ಹತ್ತದು. ಹಾಲ್‌ನಲ್ಲಿ ದೀಪ ಹಾಕಿಕೊಂಡು, ಟಿವಿಯ ಸದ್ದು ಅಡಗಿಸಿ ಕೂರುತ್ತಾರೆ.

ಈಗ ಬೇಕರಿಗೆ ಮೆಷೀನು ಬಂದಿದೆ. ಮುಂದಿನ ತಿಂಗಳಿಂದ ಇವರಿಗೆ ಹಗಲು ಪಾಳಿ. ಇಷ್ಟು ವರ್ಷ ದುಡಿದದ್ದಕ್ಕೆ ಮಾಲೀಕರು ನಮ್ಮಿಬ್ಬರಿಗೂ ಕ್ರೂಸ್ ಟಿಕೆಟ್ ಕೊಟ್ಟಿದ್ದಾರೆ. ಐದು ದಿನ ಸಮುದ್ರದ ಮೇಲೆ. ಎಲ್ಲರೂ ಅದೃಷ್ಟವಂತರು ಎನ್ನುತ್ತಿದ್ದಾರೆ. ಅಕ್ಕ ಮಾತ್ರ ಫೋನಿನಲ್ಲಿ ನಕ್ಕಳು. ಇವರಿಗೆ ಅವಳು ಇಟ್ಟಿರುವ ಹೆಸರು ಗೂಬೆ.

"ನಿನ್ನ ಗೂಬೆ ಜೊತೆ ಐದು ದಿನಾನಾ? ಜಗಳ ಆದ್ರೆ ಇಳಿದು ತವರಿಗೆ ಬರೋಕೂ ಆಗಲ್ಲ ನೋಡು. ಸುತ್ತ ಬರೀ ನೀರು."

ನಾನೂ ನಕ್ಕೆ. ಫೋನಿಟ್ಟ ಮೇಲೆ ಟಿಕೆಟ್ ತೆಗೆದು ಇನ್ನೊಮ್ಮೆ ನೋಡಿದೆ. ಐದು ದಿನ ಬಿಡು, ಹೇಗೋ ಕಳೆಯುತ್ತದೆ. ಆಮೇಲೆ? ದಿನಾ ಸಂಜೆ, ದಿನಾ ರಾತ್ರಿ ಎದುರೆದುರು. ಒಬ್ಬರಿಗೊಬ್ಬರು ಹಿಡಿಸದೇ ಹೋದರೆ? ಈ ವಯಸ್ಸಿನಲ್ಲಿ ಅದು ಗೊತ್ತಾಗುವುದು ಬೇಡ ದೇವರೇ.

ಮಾರ್ಚ್ 13, ಶುಕ್ರವಾರ. ರೈಲಿನಲ್ಲಿ, 10.30

ಹಡಗು ನಾಳೆ ಮಧ್ಯಾಹ್ನಕ್ಕೆ. ಇವತ್ತು ಬಂದರಿನ ಊರು ಸೇರಿ ಹೋಟೆಲಿನಲ್ಲಿ ತಂಗುವುದು.

ರಾತ್ರಿ ಪಾಳಿ ಮುಗಿಸಿ ಸೀದಾ ಸ್ಟೇಷನ್ನಿಗೆ ಬಂದರು. ನಿನ್ನೆ ರಜೆ ಹಾಕಿ ಎಂದು ಬಡಕೊಂಡಿದ್ದೆ. ಕೇಳಬೇಕಲ್ಲ! ರೈಲು ಹೊರಟಿತೋ ಇಲ್ಲವೋ, ಕಣ್ಣು ಮುಚ್ಚಿದರು. ನಾನು ಹೊಸ ಬಟ್ಟೆ ಹಾಕಿಕೊಂಡು ಕಿಟಕಿಯಲ್ಲಿ ಹೊಲ ನೋಡುತ್ತಾ ಕೂತಿದ್ದೇನೆ. ಎದುರು ಸೀಟಿನ ಅಜ್ಜಿ ಯಜಮಾನರಿಗೆ ಹುಷಾರಿಲ್ಲವಾ ಎಂದು ಕೇಳಿದರು. ಏನು ಹೇಳಲಿ...

ಮಗಳು ಹಾಸ್ಟೆಲಿನಿಂದ ಫೋನ್ ಮಾಡಿದಳು. ಅಪ್ಪ ಎದ್ದಿದ್ದಾರಾ ಎಂಬುದೇ ಮೊದಲ ಪ್ರಶ್ನೆ. ಮಾತು ಕಲಿತಾಗಿನಿಂದ ಅವಳದು ಅದೇ ಪ್ರಶ್ನೆ, ಪಾಪ.

ಹೋಟೆಲ್, ಮಧ್ಯಾಹ್ನ 3

ರೂಮು ಚೆನ್ನಾಗಿದೆ. ಆರನೇ ಮಹಡಿ. ಕಿಟಕಿಯಿಂದ ಕ್ರೇನುಗಳು, ಅದರಾಚೆ ಒಂದು ಚೂರು ಸಮುದ್ರ. ಮಧ್ಯೆ ದೊಡ್ಡ ಹಾಸಿಗೆ. ಬ್ಯಾಗ್ ಇಟ್ಟವರೇ ಇಬ್ಬರೂ ಹೋಗಿ ಅದರ ನಟ್ಟನಡುವೆ ಕೂತೆವು. ಡಿಕ್ಕಿ. ನಿಂದು ಯಾವ ಕಡೆ ಎಂದರು. ಗೊತ್ತಿದ್ದರೆ ತಾನೇ? ಮನೆಯಲ್ಲಿ ಇಬ್ಬರೂ ನಡುವೆಯೇ ಮಲಗುವವರು. ಬೆಳೆದ ಮಗಳಿದ್ದಾಳೆ, ಗಂಡ ಹೆಂಡತಿಗೆ ತಮ್ಮ ತಮ್ಮ ಮಗ್ಗುಲು ಯಾವುದೆಂದು ಗೊತ್ತಿಲ್ಲ. ಯಾರಿಗಾದರೂ ಹೇಳಿದರೆ ಬಿದ್ದು ಬಿದ್ದು ನಕ್ಕಾರು. ನಾವು ನಗಲಿಲ್ಲ.

ಇನ್ನೊಂದು — ಪಿಸುಗುಟ್ಟುತ್ತಿದ್ದೇವೆ. ಬಾತ್‌ರೂಮಿನ ಬಾಗಿಲನ್ನು ನಾನು ಸದ್ದಾಗದಂತೆ ಎಳೆದೆ. ಇವರು ಚಪ್ಪಲಿ ಕೈಯಲ್ಲಿ ಹಿಡಿದು ಬೆಕ್ಕಿನ ಹೆಜ್ಜೆ ಹಾಕುತ್ತಿದ್ದಾರೆ. ಇಬ್ಬರೂ ಎಚ್ಚರವಾಗಿದ್ದೇವೆ, ಇನ್ನು ಯಾರ ನಿದ್ದೆ ಕೆಡುತ್ತದೆ?

ಹಡಗು ನೋಡಿಕೊಂಡು ಬರೋಣ ಎಂದೆ. ಸ್ವಲ್ಪ ಅಡ್ಡಾಗುತ್ತೇನೆ ಎಂದರು. ಗೋಡೆ ಕಡೆ ತಿರುಗಿ ಮಲಗಿಯೂ ಆಯಿತು.

ರಾತ್ರಿ 8.30

ಜಗಳ ಆಯಿತು. ಹಡಗು ಹತ್ತುವ ಮೊದಲೇ. ಅಕ್ಕನಿಗೆ ಹೇಳಬೇಕು, ತವರಿಗೆ ಬರಲು ಇನ್ನೂ ದಾರಿಯಿದೆ ಎಂದು.

ಒಬ್ಬಳೇ ಹೋಗಿ ನೋಡಿದೆ. ಹಡಗಲ್ಲ ಅದು, ಒಂದು ಇಡೀ ಬೀದಿಯನ್ನೇ ಎತ್ತಿ ನೀರಿಗಿಟ್ಟ ಹಾಗಿದೆ. ನೋಡ್ರೀ ಎನ್ನಲು ಪಕ್ಕಕ್ಕೆ ತಿರುಗಿದೆ. ಯಾರೂ ಇಲ್ಲ. ಅಲ್ಲೇ ಸಿಟ್ಟು ನೆತ್ತಿಗೇರಿತು. ವಾಪಸು ಬಂದವಳೇ ಬಾಗಿಲನ್ನು ದಢಾರನೆ ಹಾಕಿದೆ. ಮದುವೆಯಾದ ಮೇಲೆ ಇದೇ ಮೊದಲ ಸಲ ಇರಬೇಕು. ಎದ್ದು ಕೂತರು. ಬಾಯಿಗೆ ಬಂದದ್ದೆಲ್ಲ ಅಂದೆ. ನಿದ್ದೆ ಮಾಡಲು ಹಡಗೇ ಬೇಕಿತ್ತಾ, ನಾನು ನಿಮ್ಮ ಜೊತೆ ಬಂದೆನೋ ನಿಮ್ಮ ಸೂಟ್‌ಕೇಸಿನ ಜೊತೆ ಬಂದೆನೋ, ಹೀಗೆ.

ಮೊಣಕೈ ಹತ್ತಿರದ ಸುಟ್ಟ ಕಲೆ ಸವರಿಕೊಂಡರು. ಆಮೇಲೆ ಹೇಳಿದರು.

"ನಿದ್ದೆ ಮಾಡ್ಲಿಲ್ಲ ಕಣೇ. ರೈಲಲ್ಲೂ ಇಲ್ಲ, ಇಲ್ಲೂ ಇಲ್ಲ. ಹುಷಾರಿಲ್ವಾ ಅಂತ ಆ ಅಜ್ಜಿ ಕೇಳಿದ್ದೂ ಕೇಳಿಸ್ತು. ಸುಮ್ನೆ ಕಣ್ಣು ಮುಚ್ಕೊಂಡಿದ್ದೆ. ನಿನ್ನ ಜೊತೆ ಏನು ಮಾತಾಡಬೇಕು ಅಂತ ಗೊತ್ತಾಗ್ಲಿಲ್ಲ. ಹಾಲು ಬಂತಾ ಅಂತ ಕೇಳೋಣ ಅಂದ್ರೆ ಇಲ್ಲಿ ಹಾಲೂ ಬರಲ್ಲ."

ನಗಬೇಕೋ ಅಳಬೇಕೋ. ಎರಡೂ ಆಗಲಿಲ್ಲ. ನನಗೂ ಅದೇ ಭಯ ಎನ್ನಬಹುದಿತ್ತು. ಊಟಕ್ಕೆ ಹೊತ್ತಾಯಿತು ಎಂದೆ. ಕೆಳಗೆ ಹೋಗಿ ಊಟ ಮಾಡಿದೆವು. ಉಪ್ಪು ಕೊಡಿ, ನೀರು ಬೇಕಾ... ಇಷ್ಟೇ. ಬೇಜಾರು. ತುಂಬ ಬೇಜಾರು.

ಮಾರ್ಚ್ 14, ಶನಿವಾರ. ಬೆಳಿಗ್ಗೆ

ಎಚ್ಚರವಾದಾಗ ಇವರು ಕಿಟಕಿ ಹತ್ತಿರದ ಕುರ್ಚಿಯಲ್ಲಿದ್ದರು. ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತಿಲ್ಲ. ನನ್ನ ನಿದ್ದೆ ಕೆಡಬಾರದೆಂದು ದೀಪ ಹಾಕದೆ ಕತ್ತಲಲ್ಲೇ ಕೂತಿದ್ದರಂತೆ. ಎದ್ದ ತಕ್ಷಣ ಟೀ ಮಾಡಿ ಕೊಟ್ಟರು. ಇವತ್ತೂ ಹೀಗೇ ಕಳೆಯುತ್ತದೆ ಎಂದುಕೊಂಡು ಕಪ್ಪು ಹಿಡಿದು ಕೂತೆ.

ಆಗ ಕೇಳಿದರು.

"ರಾತ್ರಿ ನೀನು ಎರಡು ಸಲ ಎದ್ದು ಹೋಗಿ ಬಾಗಿಲ ಚಿಲಕ ಮುಟ್ಟಿ ನೋಡ್ಕೊಂಡು ಬಂದೆ. ಗೊತ್ತಾ ನಿನಗೆ?"

ಗೊತ್ತಿಲ್ಲ ಎಂದೆ. ಸುಳ್ಳು.

"ನಾನು ಕೂತಿದ್ದು ನಿನಗೆ ಕಾಣಲಿಲ್ಲ ಅನ್ಸುತ್ತೆ. ರಜೆ ದಿನ ನಾನು ಹಾಲ್‌ನಲ್ಲಿದ್ರೆ ನೀನು ಒಂದು ಸಲಾನೂ ಏಳಲ್ಲ. ಅದಕ್ಕೇ ಯೋಚನೆ ಬಂತು. ನಾನಿಲ್ಲದ ರಾತ್ರಿ ದಿನಾ ಹೀಗೇನಾ? ಭಯ ಆಗ್ತಿತ್ತಾ ನಿನಗೆ?"

ಉತ್ತರ ಕೊಡದೆ ಈ ಡೈರಿ ತೆಗೆದಿದ್ದೇನೆ. ಟೀ ಆರುತ್ತಿದೆ. ಇವರು ಮಲಗಲೂ ಹೋಗಿಲ್ಲ. ಕಣ್ಣು ಕೆಂಪಗಾಗಿದೆ, ಆದರೂ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಾರೆ.

ಮಗಳು ಕೂಸಾಗಿದ್ದಾಗ. ಆಮೇಲೆ ಅವಳು ಹಾಸ್ಟೆಲಿಗೆ ಹೋಗಿ ಮನೆ ಖಾಲಿಯಾದಾಗ... ಇದನ್ನು ಯಾರೂ ಕೇಳಿರಲಿಲ್ಲ. ಅಮ್ಮ ಕೇಳಿರಲಿಲ್ಲ, ಅಕ್ಕನೂ ಕೇಳಿರಲಿಲ್ಲ. ಆಗುತ್ತಿತ್ತು. ಒಂದೊಂದು ರಾತ್ರಿ ಎಷ್ಟು ಭಯ ಆಗುತ್ತಿತ್ತು ಎಂದರೆ — ಅಯ್ಯೋ, ಇಲ್ಲಿ ಬರೆದು ಏನು ಬಂತು? ಕೇಳಿದವರು ಎದುರಿಗೇ ಕೂತಿದ್ದಾರೆ, ಅವರಿಗೇ