ಬೂದೆಪ್ಪನ ಮುರಿದ ಕೈ ಮತ್ತು ನಿಮ್ಮ ಮೂರು ದರಗಳು

ಫ್ಯಾನಿನ ಕೆಳಗೆ ಕುಳಿತಿರುವ ವಿದ್ಯುತ್ ಉಪವಿಭಾಗದ ಮಾನ್ಯ ಇಂಜಿನಿಯರ್ ಸಾಹೇಬರೇ,

ಮೇ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ದೇವದುರ್ಗದ ನಮ್ಮ ಓಣಿಯಲ್ಲಿ, ನಾನು ನೆರೆಮನೆಯ ಬೂದೆಪ್ಪನ ಬಲಗೈಯನ್ನು ಕಬ್ಬಿಣದ ಪೈಪಿನಿಂದ ಹೊಡೆದು ಮುರಿದೆ. ಒಂದು ಏಟಲ್ಲ, ಮೂರು. ಮೂರನೆಯದನ್ನು ಅವನು ನೆಲಕ್ಕೆ ಬಿದ್ದ ಮೇಲೆ ಹೊಡೆದೆ. ಬರೆಯಬೇಡ ಎಂದು ನನ್ನ ವಕೀಲರು ಕೈಮುಗಿದರು. ಆದರೂ ಬರೆಯುತ್ತಿದ್ದೇನೆ, ನ್ಯಾಯಾಲಯದಲ್ಲೂ ಇದನ್ನೇ ಹೇಳುತ್ತೇನೆ. ನನ್ನ ದೂರು ಬೇರೆ ಇದೆ. ನನ್ನಿಂದ ಪೆಟ್ಟು ತಿಂದ ಆ ಮನುಷ್ಯನ ಮನೆಯ ಕರೆಂಟನ್ನು ನೀವು ಕಡಿದಿದ್ದೀರಿ. ಕೈ ಮುರಿದ ನನ್ನ ಮನೆಯಲ್ಲಿ ಕೂಲರ್ ತಿರುಗುತ್ತಿದೆ. ಮುರಿಸಿಕೊಂಡವನು ಈ ಕೆಂಡದಂಥ ಬಿಸಿಲಿನಲ್ಲಿ ಪಟ್ಟಿ ಕಟ್ಟಿಕೊಂಡು ಬೇಯುತ್ತಿದ್ದಾನೆ. ಇದು ಯಾವ ಪುಸ್ತಕದ ನ್ಯಾಯ?

ಬೂದೆಪ್ಪ ಹದಿನೈದು ವರ್ಷ ಟಂಟಂ ಆಟೋ ಓಡಿಸಿದವನು. ಹೋದ ವರ್ಷ ಒಂದು ಹಳೆಯ ಎಲೆಕ್ಟ್ರಿಕ್ ಕಾರು ಕೊಂಡು ರಾಯಚೂರಿಗೆ ಜನರನ್ನು ಕರೆದೊಯ್ಯತೊಡಗಿದ. ಶಾಲೆಯ ಟೀಚರುಗಳು, ಕೋರ್ಟಿಗೆ ಹೋಗುವವರು, ದವಾಖಾನೆಗೆ ಹೋಗುವವರು. ಕಾರಿಗೆ ಯಾವ ದರದ ಕರೆಂಟು ಹಾಕಬೇಕು ಎಂದು ಕೇಳಲು ಜನವರಿಯಲ್ಲಿ ನಿಮ್ಮ ಕಚೇರಿಗೆ ಬಂದ. ನೀವು ಬಹಳ ಉದಾರ ಮನಸ್ಸಿನವರು, ಒಂದು ಕೇಳಿದವನಿಗೆ ಮೂರು ಕೊಟ್ಟಿರಿ! ಮನೆಯ ದರ ಬೇಕೆಂದರೆ ಮನೆಗೆ ಸಿಗುವ ಉಚಿತ ಕರೆಂಟು ಹೋಗುತ್ತದೆ, ಬಾಡಿಗೆ ಗಾಡಿಯೆಂದು ದಂಡವೂ ಬೀಳಬಹುದು. ವಾಹನದ ದರ ಬೇಕೆಂದರೆ ಬೇರೆ ಮೀಟರ್ ಹಾಕಿಸಬೇಕು. ಹೊತ್ತಿಗೊಂದು ದರ ಬೇಕೆಂದರೆ ಅದರ ಮೀಟರ್ ನಿಮ್ಮ ಉಗ್ರಾಣಕ್ಕೆ ಇನ್ನೂ ಬಂದೇ ಇಲ್ಲ. ಬೇಕಾದ್ದನ್ನು ಆರಿಸಿಕೊಳ್ಳಿ ಎಂದಿರಿ. ಎರಡು ಬಾಗಿಲಿಗೆ ಬೀಗ ಹಾಕಿ, ಮೂರನೆಯದರ ಹಿಂದೆ ದಂಡದ ಪುಸ್ತಕ ಹಿಡಿದು ನಿಂತು, ಬನ್ನಿ ಎನ್ನುವುದಕ್ಕೆ ಆಯ್ಕೆ ಎನ್ನುತ್ತಾರೆಯೇ ಸಾಹೇಬರೇ?

ಆ ಅರ್ಜಿಯನ್ನು ತುಂಬಿದವನು ನಾನೇ. ಬೂದೆಪ್ಪನಿಗೆ ಓದು ಅಷ್ಟಕ್ಕಷ್ಟೇ. ನನಗೆ ಪೈಪು, ಮೋಟಾರುಗಳ ಅಂಗಡಿ ಇದೆ, ಕಾಗದಪತ್ರದ ರೂಢಿ ಇದೆ. "ಅಣ್ಣಾ, ಕಳ್ಳ ಕರೆಂಟ್ ನನಗ ಬ್ಯಾಡ. ಕಾರಿಂದು ಕಾರಿಗೆ, ಮನಿದು ಮನಿಗೆ. ನೆಟ್ಟಗ ಬರೀರಿ," ಎಂದ. ಬೇರೆ ಮೀಟರಿನ ಚೌಕದಲ್ಲಿ ನನ್ನ ಪೆನ್ನಿನಿಂದಲೇ ಗುರುತು ಹಾಕಿಕೊಟ್ಟೆ. ಆಮೇಲೆ ಅದು ಏನಾಯಿತೆಂದು ನಾನು ಕೇಳಲಿಲ್ಲ.

ಇನ್ನು ನಮ್ಮ ಓಣಿಯ ರೂಢಿ. ನಮ್ಮಲ್ಲಿ ಪ್ರತಿ ಮನೆಗೂ ಕಂಬದಿಂದ ಮೂರು ಫೇಸಿನ ತಂತಿ ಬರುತ್ತದೆ, ಗೋಡೆಯ ಮೇಲೆ ಒಂದು ತಿರುಗಿಸುವ ಸ್ವಿಚ್ ಇರುತ್ತದೆ. ಒಂದು ಫೇಸಿನಲ್ಲಿ ಕರೆಂಟು ಡಿಮ್ಮಾದರೆ ಇನ್ನೊಂದಕ್ಕೆ ತಿರುಗಿಸುತ್ತೇವೆ. ಯಾವುದು ಚೆನ್ನಾಗಿದೆ ಎಂದು ಮೊದಲು ಕಂಡವರು ಮಾಳಿಗೆ ಹತ್ತಿ ಕೂಗುತ್ತಾರೆ, ಓಣಿಯೆಲ್ಲ ಅದಕ್ಕೇ ತಿರುಗುತ್ತದೆ. ಆ ವಾರದ ಗುರುವಾರ ನಡುಮಧ್ಯಾಹ್ನ ಮಾಳಿಗೆ ಹತ್ತಿ, "ಮೂರನೇದು ಚಲೋ ಅದ, ಎಲ್ಲಾರೂ ಹಾಕ್ಕೋರಿ" ಎಂದು ಕೂಗಿದವನು ನಾನು. ಮೂವತ್ತು ಮನೆಯ ಕೂಲರುಗಳು ಒಂದೇ ತಂತಿಗೆ ಜೋತುಬಿದ್ದವು. ಹತ್ತು ನಿಮಿಷ ಕಳೆಯುವುದರೊಳಗೆ ಮೂಲೆಯ ಟ್ರಾನ್ಸ್‌ಫಾರ್ಮರ್, ನಾವು ಟಿ.ಸಿ. ಅನ್ನುವುದು, ಢಮ್ಮೆಂದು ಹೊಗೆಯುಗುಳಿ ಸತ್ತಿತು.

ಗುರುವಾರ ಹೋದ ಕರೆಂಟು ಶುಕ್ರವಾರ ಬರಲಿಲ್ಲ. ನಮ್ಮ ತಾಯಿ ಶರಣಮ್ಮನಿಗೆ ಎಪ್ಪತ್ತೊಂದು ವರ್ಷ, ಶ್ವಾಸಕೋಶದ ಕಾಯಿಲೆ. ಆಮ್ಲಜನಕದ ಯಂತ್ರವಿಲ್ಲದೆ ಆಕೆಗೆ ಉಸಿರು ಎಳೆಯಲಾಗದು. ಇನ್ವರ್ಟರ್ ಮುಗಿಯಿತು, ಎರವಲು ತಂದ ಸಿಲಿಂಡರೂ ಮುಗಿಯಿತು. ಶನಿವಾರ ಬೆಳಿಗ್ಗೆ ಆಕೆಯ ತುಟಿ ನೀಲಿಯಾಗಿತ್ತು. ಅಂಬುಲೆನ್ಸಿಗೆ ಕಾಯುತ್ತಿದ್ದೆವು. ಆಗ ನಿಮ್ಮ ಲೈನ್‌ಮನ್ ಬಂದ. ಕಂಬ ಹತ್ತಲಿಲ್ಲ, ಪೆಟ್ಟಿಗೆ ತೆರೆಯಲಿಲ್ಲ. ಬೈಕಿನ ಮೇಲೆ ಕುಳಿತೇ ತೀರ್ಪು ಕೊಟ್ಟ: "ಇನ್ನೇನ್ರೀ, ಬೂದೆಪ್ಪನ ಕಾರು ಕರೆಂಟೆಲ್ಲ ಕುಡದಾಕ್ಯದ. ಅವ ಗಾಡಿ ತುಂಬಿಸ್ಕೊಂಡು ನಿಮಗ ಕತ್ತಲಿ ಕೊಟ್ಟಾನ. ನನ್ನ ಯಾಕ ಕೇಳ್ತೀರಿ, ಹೋಗಿ ಅವನ್ನ ಕೇಳ್ರಿ."

ನಾವು ಕೇಳಲು ಹೋದೆವು, ಇಪ್ಪತ್ತು ಜನ. ಕಾರಿನ ಮುಂಗಾಜಿಗೆ ಮೊದಲ ಕಲ್ಲು ಯಾರು ಹಾಕಿದರೋ ನನಗೆ ಗೊತ್ತಿಲ್ಲ, ಎರಡನೆಯದು ನನ್ನದು. ಗಾಜೆಲ್ಲ ಒಳಗೆ ಸುರಿಯಿತು. ಗದ್ದಲಕ್ಕೆ ಬೂದೆಪ್ಪ ಹೊರಗೆ ಓಡಿ ಬಂದ. ಬಲಗೈಯಲ್ಲಿ ಕಾರಿನ ಕೀಲಿ ಇತ್ತು. "ಅಣ್ಣಾ, ಜಗಳ ಆಮ್ಯಾಲ ಮಾಡೂಣು. ಯವ್ವ ಉಸಿರಿಗೆ ಒದ್ದಾಡಾಕತ್ಯಾಳಂತ. ಮೊದಲು ಗಾಡ್ಯಾಗ ಮಲಗಸ್ರಿ, ರಾಯಚೂರಿಗೆ ಒಯ್ಯೂಣು," ಎಂದ. ಅಷ್ಟನ್ನೂ ಕೇಳಿಸಿಕೊಂಡೆ. ಕೇಳಿಸಿಕೊಂಡೇ ಹೊಡೆದೆ. ಸಿಟ್ಟು ನೆತ್ತಿಗೇರಿತ್ತು, ಎದುರಿಗಿದ್ದವನು ಮನುಷ್ಯನಾಗಿ ಕಾಣಲಿಲ್ಲ. ಎಲುಬು ಮುರಿದ ಸದ್ದು ಇಡೀ ಓಣಿಗೆ ಕೇಳಿತು. ನಾನು ನಿಲ್ಲಲಿಲ್ಲ.

ನನ್ನ ಕೈಯಿಂದ ಪೈಪು ಕಿತ್ತುಕೊಂಡವಳು ಅವನ ಮಗಳು ಸವಿತಾ, ಇಪ್ಪತ್ತೆರಡು ವರ್ಷದ ಹುಡುಗಿ. ಅದರಿಂದ ನನ್ನ ತಲೆ ಒಡೆದಿದ್ದರೂ ನಾನು ಸೊಲ್ಲೆತ್ತುತ್ತಿರಲಿಲ್ಲ. ಅವಳು ಅದನ್ನು ಗಟಾರಕ್ಕೆ ಎಸೆದು, ರಕ್ತದಲ್ಲಿ ಬಿದ್ದಿದ್ದ ಕೀಲಿ ಎತ್ತಿಕೊಂಡಳು. "ಕಾಕಾ, ಹೊಡದ್ದು ಸಾಕಾತಿಲ್ಲ? ಶರಣಮ್ಮ ಆಯಿನ್ನ ಎತ್ತಿ ತಂದು ಹಾಕ್ರಿ. ಇಲ್ಲಾಂದ್ರ ದಾರಿ ಬಿಡ್ರಿ, ನಮ್ಮಪ್ಪನ್ನಾರ ಒಯ್ತೀನಿ." ತಾಯಿಯನ್ನು ಎತ್ತಿ ತಂದೆ. ಹಿಂದಿನ ಸೀಟಿನ ಒಂದು ಮಗ್ಗುಲಿಗೆ ಬೂದೆಪ್ಪ, ಅವನ ಎಡಭುಜಕ್ಕೆ ತಲೆ ಒರಗಿಸಿ ನನ್ನ ತಾಯಿ, ಮುಂದೆ ಸ್ಟೇರಿಂಗ್ ಹಿಡಿದ ಸವಿತಾಳ ಪಕ್ಕದಲ್ಲಿ, ಗಾಜಿನ ಚೂರುಗಳ ಮೇಲೆ ನಾನು. ರಾಯಚೂರು ಮುಟ್ಟುವವರೆಗೆ ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ರಸ್ತೆಯ ಪ್ರತಿ ಕುಣಿಗೂ ಬೂದೆಪ್ಪ ಹಲ್ಲು ಕಚ್ಚಿ ನರಳುತ್ತಿದ್ದ. ನನ್ನ ತಾಯಿಯ ತಲೆ ಜಾರದಂತೆ ಭುಜ ಮಾತ್ರ ಗಟ್ಟಿ ಹಿಡಿದಿದ್ದ. ತಾಯಿ ಬದುಕಿದಳು. ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ದವಾಖಾನೆಯ ವರಾಂಡದಲ್ಲಿ ಅವನ ಹೆಂಡತಿ ಹಣಮಮ್ಮ ಒಂದು ಕಾಗದವನ್ನು ನನ್ನ ಮುಖಕ್ಕೆ ಹಿಡಿದಳು. "ಓದಾಕ ಬರ್ತದಲ್ಲ ನಿಮಗ, ಓದ್ರಿ!" ನಾನು ತುಂಬಿದ ಅದೇ ಅರ್ಜಿಯ ನಕಲು. ಬೆನ್ನ ಮೇಲೆ ಕೆಂಪು ಶಾಯಿಯಲ್ಲಿ, ಫೆಬ್ರವರಿಯ ತಾರೀಖು ಹಾಕಿ, ನಿಮ್ಮ ರುಜುವಿನೊಂದಿಗೆ: ಟಿ.ಸಿ. ಸಾಮರ್ಥ್ಯ ಈಗಾಗಲೇ ಮೀರಿದೆ, ದೊಡ್ಡದು ಬಂದ ನಂತರ ಪರಿಶೀಲಿಸುವುದು. ಅಂದು ಬಾಯಿಮಾತಿನಲ್ಲಿ ನೀವು ಕೊಟ್ಟ ಸಲಹೆಯನ್ನೂ ಆಕೆ ಹೇಳಿದಳು: "ಸದ್ಯಕ್ಕ ಮನಿ ಮೀಟರ್ ಮ್ಯಾಲೇ ಹಾಕ್ಕೋ ಹೋಗಪ, ಯಾರ್ ನೋಡ್ತಾರ." ಇನ್ನೊಂದು ಮಾತನ್ನೂ ಆಕೆಯೇ ಹೇಳಿದಳು. ಡಿಮ್ ಕರೆಂಟಿಗೆ ಬೇಸತ್ತು ಬೂದೆಪ್ಪ ಬುಧವಾರವೇ ಕಾರನ್ನು ಮಾನ್ವಿಯ ತಂಗಿ ದೇವಿಕಾಳ ಮನೆಗೆ ಒಯ್ದಿದ್ದ. ಅಲ್ಲಿಂದ ಓಡಿಸಿ, ಅಲ್ಲೇ ತುಂಬಿಸಿಕೊಂಡು, ಶನಿವಾರ ಬೆಳಿಗ್ಗೆ ಊರಿಗೆ ಬಂದಿದ್ದ. ಟಿ.ಸಿ. ಸುಟ್ಟಾಗ ಆ ಕಾರು ದೇವದುರ್ಗದಲ್ಲೇ ಇರಲಿಲ್ಲ ಸಾಹೇಬರೇ! ಅದನ್ನೆಲ್ಲ ಕೇಳಿದಾಗ ನಿಮ್ಮ ಮೇಜಿನ ಗಾಜು ಒಡೆಯಬೇಕೆಂದು ನನ್ನ ಕೈ ತುರಿಸಿತು. ಆ ಕೈ ಮಾಡಿದ ಕೆಲಸ ಒಳಗೆ ಮಂಚದ ಮೇಲೆ ಮಲಗಿತ್ತು.

ಅವನ ಎಲುಬಿಗೆ ಸಲಾಕೆ ಹಾಕಿದ್ದಾರೆ. ಸ್ಟೇರಿಂಗ್ ಹಿಡಿಯಲು ಆಗುತ್ತದೆಯೇ ಎಂದರೆ ಡಾಕ್ಟರು ಮುಖ ತಿರುಗಿಸುತ್ತಾರೆ. ಅಷ್ಟರಲ್ಲಿ ಸುಟ್ಟ ಟಿ.ಸಿ.ಗೆ ತೇಪೆ ಹಾಕಿ ಓಣಿಗೆಲ್ಲ ಕರೆಂಟು ಬಿಟ್ಟಿದ್ದಿರಿ. ಅವನು ಮನೆಗೆ ಬಂದ ಮರುದಿನವೇ ನಿಮ್ಮ ನೋಟಿಸು ಬಂತು: ಮನೆಯ ಸಂಪರ್ಕದಿಂದ ಬಾಡಿಗೆ ವಾಹನ ಚಾರ್ಜ್ ಮಾಡಿ ಟಿ.ಸಿ. ಸುಟ್ಟಿದ್ದಕ್ಕೆ ಸಂಪರ್ಕ ಕಡಿತ. ದೊಡ್ಡ ಟಿ.ಸಿ. ತರಲು ಫೆಬ್ರವರಿಯಿಂದ ಸಿಗದ ಸಮಯ, ತಂತಿ ಕಡಿಯಲು ಒಂದೇ ದಿನದಲ್ಲಿ ಸಿಕ್ಕಿತೇ? ನಾನು ಪೈಪಿನಿಂದ ಹೊಡೆದೆ, ನೀವು ರುಜುವಿನಿಂದ ಹೊಡೆದಿರಿ. ನನಗೆ ಕನಿಷ್ಠ ಸಿಟ್ಟು ಬಂದಿತ್ತು. ನಿಮಗೆ ಏನು ಬಂದಿತ್ತು?

ನನ್ನ ಮನೆಯಿಂದ ತಂತಿ ಎಳೆದು ಅವನಿಗೊಂದು ಫ್ಯಾನು ಹಾಕಿಕೊಡಲು ಹೋಗಿದ್ದೆ. ಬೂದೆಪ್ಪ ಗೋಡೆಯ ಕಡೆ ಹೊರಳಿ, "ನಿಮ್ಮ ಮನಿ ಕರೆಂಟ್ ನನಗ ಬ್ಯಾಡ. ಹಿಂಗ ಕೊಟ್ರ ಅದನ್ನೂ ಕಳುವು ಅಂತಾರ. ನನ್ನ ಮೀಟರ್ ನನಗ ಕೊಡಸ್ರಿ," ಎಂದ. ಆ ದಿನದ ನಂತರ ಅವನು ನನ್ನೊಡನೆ ಆಡಿದ್ದು ಅಷ್ಟೇ ಮಾತು.

ಆದ್ದರಿಂದ ಕೇಳುತ್ತಿದ್ದೇನೆ. ಅವನ ಮನೆಯ ಕರೆಂಟನ್ನು ಇಂದೇ ಹಚ್ಚಿ. ನೋಟಿಸನ್ನು ಹಿಂದೆ ಪಡೆಯಿರಿ. ಕಾರಿಗೆ ಅವನು ಕೇಳಿದ ಮೀಟರ್ ಕೊಡಿ. ಕೆಂಪು ಶಾಯಿಯ ಆ ಕಾಗದ ಹಿಡಿದು ನಮ್ಮ ಓಣಿಗೆ ಬಂದು, ಆ ಇಪ್ಪತ್ತು ಜನರೆದುರು ನಿಮ್ಮ ಬಾಯಿಂದಲೇ ಓದಿ. ಓಣಿ ಇನ್ನೂ ಅವನನ್ನೇ ಕಳ್ಳ ಎನ್ನುತ್ತಿದೆ. ನಾನು ಹೇಳಿದರೆ, ಜೈಲಿಗೆ ಹೆದರಿ ಮಾತು ಬದಲಿಸಿದ ಎನ್ನುತ್ತಾರೆ. ನನಗೆ ಏನು ಕೊಡಬೇಕೋ ಅದನ್ನು ನ್ಯಾಯಾಧೀಶರು ಕೊಡುತ್ತಾರೆ, ತೆಗೆದುಕೊಳ್ಳುತ್ತೇನೆ. ಬೂದೆಪ್ಪನ ಕೈಯನ್ನು ಮೊದಲಿನಂತೆ ಮಾಡಲು ನನ್ನಿಂದ ಆಗುವುದಿಲ್ಲ. ಅವನ ಮನೆಗೆ ಕರೆಂಟು ಕೊಡಲು ನಿಮ್ಮಿಂದ ಆಗುತ್ತದೆ.

ಇಂತಿ,
ಜಾಮೀನಿನ ಮೇಲೆ ಹೊರಗಿರುವ, ಸೋಮವಾರ ಹನ್ನೊಂದಕ್ಕೆ ನಿಮ್ಮ ಬಾಗಿಲಿಗೆ ಬರಿಗೈಯಲ್ಲಿ ಬಂದು ನಿಲ್ಲುವ ನಿಮ್ಮ ಗ್ರಾಹಕ,
ಮಲ್ಲಯ್ಯ
ದೇವದುರ್ಗ