ಶಿಲುಬೆ ಹಬ್ಬದ ಕಾಮಕಸ್ತೂರಿ

ಜುಲೈ 7, ರಾತ್ರಿ

ಕಾಮಕಸ್ತೂರಿಗೆ ನೀರು ಹಾಕಿದೆ. ಬೇಸಿಗೆಯಿಂದ ಗ್ಯಾರೇಜಿನಲ್ಲಿ ತೂಗುಹಾಕಿದ್ದ ಒರೆಗಾನೊ ಸೊಪ್ಪಿನ ಕೊನೆಯ ಕಟ್ಟು ಇಳಿಸಿ, ಉಜ್ಜಿ, ಡಬ್ಬಿಗೆ ತುಂಬಿದೆ. ಪುದೀನ ಇನ್ನೂ ಒಣಗಿಲ್ಲ. ಈ ಮೆಲ್ಬರ್ನ್ ಚಳಿಗೆ ಬಟ್ಟೆಯೇ ಒಣಗುವುದಿಲ್ಲ, ಪುದೀನ ಎಲ್ಲಿ ಒಣಗೀತು!

ಪಕ್ಕದ ಮನೆಯ ಅಸ್ಸುಂತಾ ಕಾಫಿಗೆ ಬಂದಳು. ಕೂತವಳೇ ಕಿಟಕಿಯ ಕುಂಡದೊಳಗೆ ಮೂಗು ತೂರಿಸಿದಳು.

"ಏನೇ ಕಲ್ಯೋಪಿ, ಚಳಿಗಾಲದಲ್ಲಿ ಇಷ್ಟು ನೀರು ಸುರೀತಾರೇನೇ? ಬುಡ ಕೊಳೆಯುತ್ತೆ ಕಣೇ."

"ಪಂದೆಲಿ ನೆಟ್ಟಿದ್ದು. ಹೇಗೆ ನೋಡ್ಕೋಬೇಕು ಅಂತ ನಂಗೆ ಗೊತ್ತು" ಅಂದು ಎದ್ದುಹೋದೆ. ಗಂಡ ಸತ್ತು ವರ್ಷ ತುಂಬಿಲ್ಲ, ಅವನ ಗಿಡದ ಮೇಲೆ ಇವಳ ಬುದ್ಧಿವಾದ! ಈ ಇಟಲಿಯವರಿಗೆ ಎಲೆ ಕಂಡರೆ ಸಾಕು, ಟೊಮೇಟೊ ಸಾರಿಗೆ ಹಾಕಿ ತಿನ್ನುವುದೇ. ನಮ್ಮೂರ ಗ್ರೀಕರಿಗೆ ಕಾಮಕಸ್ತೂರಿ ತಿನ್ನುವ ಸೊಪ್ಪಲ್ಲ. ಶಿಲುಬೆಗೆ ಇಡುವ ಸೊಪ್ಪು.

ಸಂಜೆ ಇನ್ನೊಂದು ಲೋಟ ನೀರು ಹಾಕಿದೆ. ಬೇಕೆಂದೇ.

ಜುಲೈ 12, ಭಾನುವಾರ

ಚರ್ಚಿನಿಂದ ಬಂದು ನೋಡುತ್ತೇನೆ... ಗಿಡದ ಹಿಂಬದಿಯ ಒಂದು ಕಡ್ಡಿ ಇಲ್ಲ. ಹುಳ ತಿಂದಿದ್ದಲ್ಲ, ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ್ದು. ಬಾಗಿಲ ಬೀಗ ಹಾಕಿದ ಹಾಗೇ ಇತ್ತು.

ನನ್ನ ಬಿಟ್ಟರೆ ಬೀಗದ ಕೈ ಇರುವುದು ಅಸ್ಸುಂತಾಳ ಹತ್ತಿರ. ಪಂದೆಲಿ ಆಸ್ಪತ್ರೆಯಲ್ಲಿದ್ದಾಗ ನಾನೇ ಕೊಟ್ಟಿದ್ದು. ಅವಳದು ಶನಿವಾರ ಸಂಜೆಯ ಪೂಜೆ, ಭಾನುವಾರ ಪೂರ್ತಿ ಬಿಡುವು.

ಮಗ ಸ್ಟ್ರಾಟೋಸ್‌ಗೆ ಫೋನ್ ಮಾಡಿದೆ. ನಕ್ಕ. "ಅಮ್ಮಾ, ಒಂದು ಕಡ್ಡಿಗೆ ಪೊಲೀಸ್ ಕರೆಸ್ಬೇಕಾ?"

ಅವನಿಗೇನು ಗೊತ್ತು. ನಮ್ಮೂರಲ್ಲಿ ಸೆಪ್ಟೆಂಬರ್ ಹದಿನಾಲ್ಕರ ಶಿಲುಬೆ ಹಬ್ಬಕ್ಕೆ ಅಂಗಳ ತುಂಬ ಕಾಮಕಸ್ತೂರಿ. ಇಲ್ಲಿ ಅದು ಚಳಿ ಮುಗಿಯುವ ಹೊತ್ತು, ಯಾರ ಮನೆಯಲ್ಲೂ ಒಂದು ಎಲೆ ಇರುವುದಿಲ್ಲ. ಶಿಲುಬೆ ಇಡುವ ಚರ್ಚಿನ ತಟ್ಟೆಗೆ ಹೋಗುವುದು ಪಂದೆಲಿಯ ಈ ಕುಂಡದ್ದೇ. ಪಾದ್ರಿಯ ಬಾಯಲ್ಲಿ ಅವನ ಹೆಸರು ಬರುವುದೂ ಆ ದಿನವೇ. ಗಿಡ ಹೋದರೆ ಹೆಸರೂ ಹೋಯಿತು.

ಜುಲೈ 19

ಇವತ್ತೂ ಒಂದು ಹೋಗಿದೆ! ಕುಂಡದ ಒಡಕನ್ನು ಕಿಟಕಿ ಕಡೆಗೆ ತಿರುಗಿಸಿ ಹೋಗಿದ್ದೆ. ಬಂದಾಗ ಒಡಕು ನನ್ನನ್ನೇ ನೋಡುತ್ತಿತ್ತು.

ಜುಲೈ 23

ತಟ್ಟೆ ವಾಪಸ್ ಕೊಡುವ ನೆಪದಲ್ಲಿ ಅವಳ ಮನೆಗೆ ಹೋದೆ. ಶೆಲ್ಫಿನ ಮೇಲೆ ಗಾಜಿನ ಜಾಡಿ. ಕಾಮಕಸ್ತೂರಿ ಎಲೆ, ಕಲ್ಲುಪ್ಪು, ಎಲೆ, ಕಲ್ಲುಪ್ಪು, ಮೇಲೆ ಎಣ್ಣೆ.

"ಇದೆಲ್ಲಿಂದ ಬಂತೇ?"

"ಬೇಸಿಗೇದು ಕಣೇ, ಉಪ್ಪಲ್ಲಿ ಇಟ್ಟಿದ್ದೆ. ಬೇಕಾ?"

ಬೇಸಿಗೆಯದಂತೆ! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಮಾತಾಡುತ್ತಲೇ ಹಿಂದಿನ ಕೋಣೆಯ ಬಾಗಿಲು ಎಳೆದುಕೊಂಡಳು. ನಾನು ನೋಡಿದೆ.

ಆಗಸ್ಟ್ 2, ಭಾನುವಾರ

ಚರ್ಚಿಗೆ ಹೊರಟವಳ ಹಾಗೆ ಹೊರಟೆ. ಟ್ರಾಮ್ ಸ್ಟಾಪಿನಿಂದ ತಿರುಗಿ ಬಂದೆ. ಅಡುಗೆಮನೆಯಲ್ಲಿ ಅಸ್ಸುಂತಾ, ಕೈಯಲ್ಲಿ ಕತ್ತರಿ.

"ಕಳ್ಳಿ! ಸತ್ತವನ ಗಿಡ ಕದ್ದು ಸಾರು ಮಾಡ್ತೀಯಾ? ಗಂಟಲಲ್ಲಿ ಇಳಿಯುತ್ತೇನೇ?"

ಅವಳ ಮುಖ ಬಿಳಿಚಿತು. "ಕತ್ತರಿಸಿದ್ದು ಹೌದು" ಅಂದಳು. "ಕಳ್ಳಿ ಅಂದಾಯ್ತಲ್ಲ, ಇನ್ನೇನು ಹೇಳಲಿ." ಬೀಗದ ಕೈ ಮೇಜಿನ ಮೇಲಿಟ್ಟು ಹೋದಳು.

ತಿರುಗಿ ಬೈಯಲಿಲ್ಲ. ತಪ್ಪಿಲ್ಲದವಳು ಸುಮ್ಮನಿರುತ್ತಾಳೆಯೇ?

ಆಗಸ್ಟ್ 3

ಇನ್ನೊಂದು ಕೀ ಮಾಡಿಸಿಟ್ಟುಕೊಂಡಿದ್ದರೆ? ಕುಂಡವನ್ನು ಗ್ಯಾರೇಜಿಗೆ ಸಾಗಿಸಿದೆ. ಹೊಸ ಬೀಗ ಜಡಿದೆ. ಈಗ ಕದಿಯಲಿ ನೋಡೋಣ.

ಒಬ್ಬಳೇ ಕಾಫಿ ಕುಡಿದೆ. ಸೇರಲಿಲ್ಲ.

ಆಗಸ್ಟ್ 21

ಹುಲ್ಲಿನ ಮೇಲೆಲ್ಲ ಹಿಮ. ಗ್ಯಾರೇಜಿಗೆ ಓಡಿದೆ. ತಗಡಿನ ಬಾಗಿಲ ಪಕ್ಕದಲ್ಲೇ ಕುಂಡ... ಎಲೆಗಳೆಲ್ಲ ಬೇಯಿಸಿದ ಪಾಲಕಿನ ಹಾಗೆ ಕಪ್ಪಾಗಿ ಜೋತುಬಿದ್ದಿವೆ. ನೆಲದ ಮೇಲೆ ಕೂತು ಅತ್ತೆ. ಎರಡನೇ ಸಲ ಅವನನ್ನು ಕಳೆದುಕೊಂಡೆ, ಈ ಸಲ ನನ್ನ ಕೈಯಾರೆ.

ಬುಡ ಮುಟ್ಟಿದರೆ ಪಿಚಕ್ಕೆಂದಿತು. ಮಣ್ಣಿನೊಳಗೆಲ್ಲ ಕಪ್ಪು, ನಾತ. ಒಂದು ಹಿಮಕ್ಕೆ ಬುಡ ಹೀಗೆ ಕೊಳೆಯುತ್ತದೆಯೇ?

ಸೆಪ್ಟೆಂಬರ್ 12

ಪಾದ್ರಿ ದಿಯೊನೀಸಿಸ್ ಫೋನ್. "ಕಲ್ಯೋಪಿಯಮ್ಮ, ತಟ್ಟೆಗೆ ಸೊಪ್ಪು ಈ ಸಲಾನೂ ನಿಮ್ಮದೇ ತಾನೆ?"

ಬಾಯಿಂದ "ಹೂಂ" ಬಂದುಬಿಟ್ಟಿತು. ಎಲ್ಲಿಂದ ತರಲಿ? ಅಂಗಡಿಯದ್ದು ತಂದು ಪಂದೆಲಿಯದ್ದು ಅನ್ನಲೇ?

ಸೆಪ್ಟೆಂಬರ್ 13

ಹೋದೆ. ಉಪ್ಪಿನ ಜಾಡಿಯಲ್ಲಿರುವುದನ್ನಾದರೂ ಕೇಳೋಣ ಅಂತ. ಮಾನ ಮರ್ಯಾದೆ ಬಿಟ್ಟು.

ಅಸ್ಸುಂತಾ ಬಾಗಿಲು ತೆರೆದಳು, ಒಳಗೆ ಬಾ ಅನ್ನಲಿಲ್ಲ.

"ಗಿಡ ಸತ್ತುಹೋಯ್ತು ಕಣೇ" ಅಂದೆ.

"ಗೊತ್ತಿತ್ತು, ಸಾಯುತ್ತೆ ಅಂತ. ಬುಡ ಕೊಳೀತಾ ಇತ್ತು. ಹೇಳಿದ್ರೆ ನೀನು ಕೇಳಿದ್ಯಾ? ಎದ್ದುಹೋದೆ. ಗಂಡನ್ನ ಕಳ್ಕೊಂಡೋಳಿಗೆ ಗಿಡಾನೂ ಸಾಯ್ತಿದೆ ಅಂತ ಹೇಗೆ ಹೇಳಲಿ?"

ಒಳಗೆ ನಡೆದಳು, ನಾನೂ ಹಿಂದೆಯೇ ಹೋದೆ. ಹಿಂದಿನ ಕೋಣೆಯ ಬಾಗಿಲು ತಳ್ಳಿದಳು. ಹೀಟರ್ ಉರಿಯುತ್ತಿತ್ತು. ಕಿಟಕಿ ಉದ್ದಕ್ಕೂ ಪುಟ್ಟ ಕುಂಡಗಳು. ಕತ್ತರಿಸಿದ ಕಡ್ಡಿಗಳಿಗೆ ಮೊದಲು ನೀರಿನ ಲೋಟದಲ್ಲಿ ಬೇರು ಬಿಡಿಸಿ, ಆಮೇಲೆ ಮಣ್ಣಿಗೆ ಇಳಿಸಿದ್ದಳಂತೆ. ಪಂದೆಲಿಯ ಗಿಡದ್ದೇ ಎಲೆ, ಅದೇ ಘಮ.

"ಆವತ್ತೇ ಯಾಕೆ ಹೇಳ್ಲಿಲ್ವೇ, ಅಸ್ಸುಂತಾ?"

"ಕಳ್ಳಿ ಅಂದೋಳಿಗೆ ಸಮಜಾಯಿಷಿ ಬೇರೆ ಕೊಡ್ಬೇಕಿತ್ತಾ? ತಗೊಂಡ್ಹೋಗು. ನೀರು ಕಮ್ಮಿ ಹಾಕು."

ಕ್ಷಮಿಸು ಅಂದೆ. ಅವಳು ನಗಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೆಪ್ಟೆಂಬರ್ 14, ಮಧ್ಯಾಹ್ನ

ತಟ್ಟೆ ತುಂಬಿತು. ಪಾದ್ರಿ ಎಲ್ಲರ ಮುಂದೆ, "ಪ್ರತಿ ವರ್ಷದಂತೆ ನಮ್ಮ ಪಂದೆಲಿಯ ಗಿಡದ್ದು" ಅಂದರು. ಎದ್ದು ನಿಂತೆ.

"ಗಿಡ ಅವನದ್ದು. ನಾನು ಸಾಯಿಸಿದೆ. ಉಳಿಸಿದ್ದು ಅಸ್ಸುಂತಾ. ಅವಳ ಹೆಸರೂ ಹೇಳಿ."

ಹಿಂದಿನ ಸಾಲಿನಲ್ಲಿ ಗುಸುಗುಸು. "ಯಾರು, ಆ ಇಟಲಿಯವಳಾ?"

"ಹೌದು, ಅವಳೇ" ಅಂದೆ, ಗಟ್ಟಿಯಾಗಿ.

ಬರುವಾಗ ಅಸ್ಸುಂತಾಳ ಮನೆಗೆ ಹೋಗಿ ಬೀಗದ ಕೈ ಅವಳ ಕೈಗಿಟ್ಟೆ. ತಿರುಗಿಸಿ ಮುರುಗಿಸಿ ನೋಡಿದಳು. ಏಪ್ರನ್ ಜೇಬಿಗೆ ಹಾಕಿಕೊಂಡಳು. ಒಳಗೆ ಹೋಗಿ ಒಂದು ಬಟ್ಟಲು ತಂದಳು.

"ಚಿವುಟಿದ ತುದಿ ಮಿಕ್ಕಿತ್ತು. ಬಿಸಾಡಕ್ಕಾಗುತ್ತಾ? ಸಾರು ಮಾಡ್ದೆ. ಗಂಟಲಲ್ಲಿ ಇಳಿಯುತ್ತಾ ನೋಡು."

ಬಟ್ಟಲು ಈಗ ಮುಂದಿದೆ. ಕೆಂಪು ಸಾರು, ಮೇಲೆ ಎರಡು ಎಲೆ. ಮುಚ್ಚಿಟ್ಟೆ. ತೆರೆದೆ. ಶಿಲುಬೆಯ ಗುರುತು ಹಾಕಿಕೊಂಡು ಒಂದು ಚಮಚ ಬಾಯಿಗಿಟ್ಟೆ.

ಪಂದೆಲೀ, ಬೈಯಬೇಡ... ಇಷ್ಟು ವರ್ಷ ನಾವಿಬ್ಬರೂ ಇದನ್ನು ಬರೀ ಮೂಸಿ ಇಟ್ಟೆವಲ್ಲ, ಎಂಥ ರುಚಿ ಕಳೆದುಕೊಂಡೆವು!