ಹಿಂದಿನ ಕೋಣೆಯ ಹೆಸರು

ಅಂಗಡಿಯ ಹಿಂದಿನ ಕೋಣೆ,
ಭಾನುವಾರ, ಜೂನ್ ೧೪, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀ? ಮೊಣಕಾಲಿನ ನೋವು ಹೇಗಿದೆ? ಮೂರು ವರ್ಷದ ಮೇಲೆ ಬರೆಯುವ ಪತ್ರವನ್ನು ಮೊಣಕಾಲಿನಿಂದ ಶುರು ಮಾಡುತ್ತಿದ್ದಾಳಲ್ಲ ಎಂದು ನೀನು ನಗಬಹುದು. ಆದರೆ ನಿನ್ನ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದು ಅದೊಂದೇ. ನೀನು ತಿಂಗಳಿಗೊಮ್ಮೆ ಫೋನ್ ಮಾಡಿದ ಮೇಲೆ ಚಿಕ್ಕಮ್ಮ ನನಗೆ ವರದಿ ಒಪ್ಪಿಸುತ್ತಾರೆ. "ದಿನಕ್ಕೆ ನಾಲ್ಕು ಸಲ ಗುಡ್ಡ ಹತ್ತಿ ಗಾಳಿ ಅಳೆಯೋ ಯಂತ್ರ ನೋಡ್ಕೊಂಡ್ ಬರ್ತಾನಂತೆ, ಕಾಲು ಕೇಳುತ್ತಾ? ನಿಮ್ಮಪ್ಪಂದೇ ಹಟ" ಎಂದು ಬೈದು, ಕೊನೆಗೆ "ನಿನ್ನ ವಿಷ್ಯಾನೂ ಕೇಳ್ದ" ಎಂದು ಸೇರಿಸುತ್ತಾರೆ. ಆ ಕೊನೆಯ ಮಾತು ನಿಜವೋ, ಚಿಕ್ಕಮ್ಮನ ಸ್ವಂತ ಸೇರ್ಪಡೆಯೋ ನನಗೆ ತಿಳಿಯದು. ಕೇಳಿ ಖಾತ್ರಿ ಮಾಡಿಕೊಳ್ಳಲು ಹೋಗಿಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಕನ್ನಡಕದ ನಂಬರು ಮತ್ತೆ ಏರಿದೆ. ಅಪ್ಪನ ಕಾಯಿಲೆ ಅಲ್ಲವಂತೆ, ಆದರೂ ವರ್ಷಕ್ಕೊಮ್ಮೆ ತೋರಿಸಿ ಎಂದಿದ್ದಾರೆ ಡಾಕ್ಟರು. ನೀನೂ ತೋರಿಸಿಕೋ. ಆ ಗುಡ್ಡದ ಮೇಲಿನ ಹವಾಮಾನ ಕೇಂದ್ರದಲ್ಲಿ ಕಣ್ಣಿನ ಡಾಕ್ಟರು ಇರುವುದಿಲ್ಲ ಎಂಬುದು ನೆಪ ಆಗಬಾರದು.

ಅಪ್ಪನ ಕೆಲಸದ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಗಡಿಯಾರದ ಪುಟ್ಟ ತಿರುಪುಗಳು ಉರುಳಿ ಬೀಳದಿರಲೆಂದು ಅವರು ಮೇಜಿನ ಅಂಚಿಗೆ ಹೊಡೆಸಿದ್ದ ಮರದ ಪಟ್ಟಿ ಹಾಗೆಯೇ ಇದೆ, ಬರೆಯುವಾಗ ಮುಂಗೈಗೆ ಒತ್ತುತ್ತದೆ. ಮೇಜಿನ ಅರ್ಧ ಭಾಗವನ್ನು ನಮ್ಮ ಸರ್ವರ್ ಆಕ್ರಮಿಸಿದೆ. ಮುಂದಿನ ಅಂಗಡಿಯಲ್ಲಿ ಈಗ ಝೆರಾಕ್ಸ್ ಯಂತ್ರ ಇಟ್ಟಿದ್ದಾರೆ. ಗೋಡೆಯ ಆಚೆ ಅದು ಉಸಿರೆಳೆದುಕೊಂಡಾಗಲೆಲ್ಲ ಈಚೆ ದೀಪ ಒಂದು ಕ್ಷಣ ಮಂಕಾಗುತ್ತದೆ. ಉಳಿದಂತೆ ನೀನು ಬಿಟ್ಟುಹೋದ ಕೋಣೆಯೇ. ಕಾಲು ಅಲ್ಲಾಡುವ ಸ್ಟೂಲನ್ನು ಇನ್ನೂ ಯಾರೂ ಎಸೆದಿಲ್ಲ. ಹೊಸಬರು ಬಂದಾಗ ಅದರ ಮೇಲೆಯೇ ಕೂರಿಸುತ್ತಾರೆ.

ಬಳಗದ ಸುದ್ದಿ ಏನೆಂದರೆ, ನಮ್ಮ ಓದುವ ತಂತ್ರಾಂಶದ ಹೆಸರು ಬದಲಾಯಿಸುವ ಚರ್ಚೆ ನಡೆದಿದೆ. ಮಾರ್ಚಿನಿಂದ ಅದೇ ಹಗ್ಗಜಗ್ಗಾಟ. ಎತ್ತಿದವರು ನಮ್ಮ ಟೀಚರ್. ಅವರು ಕಣ್ಣು ಕಾಣದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ, ಅವರಿಗೂ ಕಣ್ಣು ಕಾಣುವುದಿಲ್ಲ, ಈಗ ನಮ್ಮ ತಂತ್ರಾಂಶದ ಅರ್ಧ ಕೋಡ್ ಅವರದೇ ಕೈಯಲ್ಲಿದೆ. ಕಂಪ್ಯೂಟರ್ ಶುರುವಾದ ಕೂಡಲೇ ನಿನ್ನ ದನಿಯಲ್ಲಿ "ಹಿಂದಿನ ಕೋಣೆ ಸಿದ್ಧ" ಎಂದು ಬರುತ್ತದಲ್ಲ, ಆಮೇಲೆ ತಾನೇ ಅದು ಪರದೆಯ ಮೇಲಿರುವುದನ್ನು ಓದಲು ತೊಡಗುವುದು? ಟೀಚರ್ ಸಭೆಯಲ್ಲಿ ಹೇಳಿದ್ದು ಇಷ್ಟು: "ಚಿಕ್ಕವಳಿದ್ದಾಗ ಮನೆಗೆ ಯಾರಾದ್ರೂ ಬಂದ್ರೆ ನನ್ನ ಹಿಂದಿನ ಕೋಣೆಗೆ ಕಳಿಸ್ತಿದ್ರು. ಶಾಲೇಲೂ ನಮ್ಮ ಕ್ಲಾಸು ಹಿಂದಿನ ಕೋಣೆಲೇ. ಈಗ ದಿನಾ ಬೆಳಗ್ಗೆ ಕಂಪ್ಯೂಟರ್ರೂ ಅಲ್ಲಿಗೇ ಕರೆಯುತ್ತೆ. ಹೆಸರು ಇಟ್ಟೋರು ಕೆಟ್ಟ ಮನಸ್ಸಿಂದ ಇಟ್ಟಿಲ್ಲ ಅಂತ ಗೊತ್ತು. ಆದ್ರೆ ನನ್ನ ಮಕ್ಕಳಿಗೆ ಅದನ್ನೇ ಕೇಳಿಸೋಕೆ ನಂಗಿಷ್ಟ ಇಲ್ಲ." ಹತ್ತು ವರ್ಷ ಆ ಹೆಸರನ್ನು ದಿನಕ್ಕೆ ಇಪ್ಪತ್ತು ಸಲ ಬರೆದ ನನಗೆ ಇದು ಯಾಕೆ ಹೊಳೆಯಲಿಲ್ಲ ಎಂದು ಯೋಚಿಸಿದೆ. ಹೊಳೆಯಬೇಕಾದ ಅಗತ್ಯವೇ ನನಗೆ ಬಂದಿರಲಿಲ್ಲ, ಅಷ್ಟೆ.

ವಿರೋಧವೂ ಇತ್ತು. ನಿವೃತ್ತ ಪ್ರೂಫ್ ರೀಡರನ್ನು ನೀನು ಮರೆತಿರಲಾರೆ, ನೀನೇ ಅವರಿಗೆ ಅಲ್ಪವಿರಾಮ ಎಂದು ಅಡ್ಡಹೆಸರಿಟ್ಟವನು. ಅವರು ಕೈಪಿಡಿಗಳನ್ನೆಲ್ಲ ಜಾಲಾಡಿ, ಹೆಸರು ನಾನೂರ ಹನ್ನೆರಡು ಕಡೆ ಬರುತ್ತದೆಂದು ಬರೆದುಕೊಂಡು ಬಂದಿದ್ದರು. "ಬದಲಾಯಿಸಿ, ನಂಗೇನು, ಆದ್ರೆ ನಾನೂರ ಹನ್ನೆರಡನ್ನೂ ತಿದ್ದೋ ತಲೆ ಯಾವುದು ಅಂತ ಮೊದ್ಲು ಹೇಳಿ" ಎಂದು ಮುಖ ಗಂಟಿಕ್ಕಿಕೊಂಡು ಕೂತರು. ಬಳಗದಲ್ಲಿರುವ ಲಿಫ್ಟ್ ಮೆಕ್ಯಾನಿಕ್ ಎಂದಿನಂತೆ ತಮಾಷೆ ಮಾಡಿದ: "ನಮ್ಮ ಲಿಫ್ಟಿಗೆ ಏಣಿ ಅಂತ ಹೆಸರಿಟ್ರೂ ಅದು ಮೇಲಕ್ಕೇ ಹೋಗುತ್ತೆ ಸಾರ್." ಅಲ್ಪವಿರಾಮ ತಿರುಗಿ ನೋಡಿ, "ಹೋಗುತ್ತಪ್ಪಾ, ಆದ್ರೆ ಏಣಿ ಅಂತ ಬೋರ್ಡ್ ನೋಡಿ ಯಾರೂ ಗುಂಡಿ ಒತ್ತಲ್ಲ" ಎಂದರು. ತಮ್ಮ ಮಾತು ಟೀಚರ್ ಪಕ್ಷಕ್ಕೇ ಹೋಯಿತೆಂದು ಅವರಿಗೆ ಗೊತ್ತಾದದ್ದು ಎಲ್ಲರೂ ನಕ್ಕ ಮೇಲೆ. ಕೊನೆಗೆ ಮತ ಹಾಕಿದಾಗ ಬದಲಾವಣೆಗೆ ಹತ್ತೊಂಬತ್ತು, ಬೇಡವೆಂದು ಹನ್ನೊಂದು. ಹತ್ತೊಂಬತ್ತರಲ್ಲಿ ನನ್ನದೂ ಒಂದು. ಇದನ್ನು ನೀನು ಇನ್ನೊಬ್ಬರ ಬಾಯಿಂದ ಕೇಳಬಾರದೆಂದು ಇಲ್ಲೇ ಬರೆಯುತ್ತಿದ್ದೇನೆ.

ಟೀಚರ್ ಸೂಚಿಸಿದ ಹೊಸ ಹೆಸರು 'ಗಟ್ಟಿ ಓದು'. ಅದನ್ನು ಕೇಳಿದಾಗ ನನಗೆ ಅಪ್ಪನ ದನಿಯೇ ಕೇಳಿಸಿತು. ಅವರ ದೃಷ್ಟಿ ಮಬ್ಬಾದ ಮೊದಲ ವರ್ಷ ನೀನು ಇದೇ ಕೋಣೆಯಲ್ಲಿ ಕೂತು ಅವರಿಗೆ ಪೇಪರ್ ಓದುತ್ತಿದ್ದೆ. "ಗಟ್ಟಿಯಾಗಿ ಓದೋ, ಗೋಡೆಗೆ ಓದ್ತಿದೀಯಾ?" ಎಂದು ಅವರು ರೇಗುತ್ತಿದ್ದುದು ಮುಂದಿನ ಅಂಗಡಿಯ ಗಿರಾಕಿಗಳಿಗೂ ಕೇಳುತ್ತಿತ್ತು. ನಿನಗೆ ಕೆಲಸ ಸಿಕ್ಕಿ ದಿನವೂ ಓದಲಾಗದೇ ಹೋದಾಗ ಓದುವ ಈ ತಂತ್ರಾಂಶವನ್ನು ಮಾಡಿಕೊಟ್ಟು, ಅದಕ್ಕೆ ಈ ಕೋಣೆಯ ಹೆಸರನ್ನೇ ಇಟ್ಟೆ. ಯಾರು ಬೇಕಾದರೂ ಬಿಚ್ಚಿ ನೋಡಲಿ, ತಿದ್ದಲಿ ಎಂದು ಅದನ್ನು ಲೋಕಕ್ಕೆಲ್ಲ ತೆರೆದಿಟ್ಟೆ. ಇದನ್ನೆಲ್ಲ ನಾನು ಸಭೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಹೊಸ ಹೆಸರಿಗೆ ಇನ್ನೂ ನಾಲ್ಕು ಮತ ಬರುತ್ತಿತ್ತೋ, ಹಳೆಯದಕ್ಕೇ ಬರುತ್ತಿತ್ತೋ ಗೊತ್ತಿಲ್ಲ. ಎರಡೂ ಬೇಡವೆನಿಸಿತು.

ಮತ ಎಷ್ಟೇ ಬಂದರೂ ಹೆಸರು ಬದಲಾಗಲು ಸ್ಥಾಪಕನ, ಅಂದರೆ ನಿನ್ನ, ಒಪ್ಪಿಗೆ ಬೇಕು. ಯಾರ ಒಪ್ಪಿಗೆ ಬೇಕಾದರೂ, ತಿಳಿಸಿ ಹದಿನಾಲ್ಕು ದಿನದೊಳಗೆ ಅವರಿಂದ ಉತ್ತರ ಬರದಿದ್ದರೆ ಒಪ್ಪಿಗೆಯೆಂದೇ ಲೆಕ್ಕ. ಈ ನಿಯಮವನ್ನು ಹೇಳಿದವನು ನೀನೇ, ಇಂಗ್ಲಿಷಿನಲ್ಲಿ ಬರೆದವಳು ನಾನು. ಆಗ ನಾವು ಐದೇ ಜನ, ಅದರಲ್ಲಿ ಇಬ್ಬರು ಯಾವುದಕ್ಕೂ ಉತ್ತರಿಸುತ್ತಿರಲಿಲ್ಲ. "ಇವ್ರು ಬಾಯಿ ಬಿಡೋ ತನಕ ಕಾಯ್ತಾ ಕೂತ್ರೆ ಅಪ್ಪನ ಕಣ್ಣು ಕಾಯಲ್ಲ" ಎಂದಿದ್ದೆ ನೀನು. ಇಂಗ್ಲಿಷಿನಲ್ಲಿ ಆ ವಾಕ್ಯ ಬಹಳ ಸಭ್ಯವಾಗಿ ಕಾಣುತ್ತಿತ್ತು. ಈಗ ಕನ್ನಡದಲ್ಲಿ ಬರೆದು ನೋಡಿದರೆ, ಸುಮ್ಮನಿದ್ದವನ ಪರವಾಗಿ ನಾವೇ ಸಹಿ ಹಾಕಿದಂತಿದೆ. ನಿನಗೆ ತಿಳಿಸುವ ಮೇಲ್ ಜೂನ್ ಒಂದರಂದು ಬಳಗದ ಹೆಸರಿನಲ್ಲಿ ಹೋಯಿತು. ಇವತ್ತು ಕೊನೆಯ ದಿನವಾಗಬೇಕಿತ್ತು. ನಿನ್ನೆ ನಾನು ಎಣಿಕೆ ನಿಲ್ಲಿಸಿದ್ದೇನೆ. ಯಾಕೆ ಎಂಬುದನ್ನು ಕೊನೆಯಲ್ಲಿ ಬರೆಯುತ್ತೇನೆ, ಈಗಲೇ ಬರೆದರೆ ಮಿಕ್ಕಿದ್ದು ಬರೆಯಲಾಗುವುದಿಲ್ಲ.

ಮಿಕ್ಕಿದ್ದು ಎಂದರೆ ಮೂರು ವರ್ಷದ ಹಿಂದಿನ ಆ ದಿನದ ವಿಷಯ. ಟೀಚರ್ ಕಳಿಸಿದ ಮೊದಲ ಕೋಡಿಗೆ ನೀನು ಎಲ್ಲರೂ ಓದುವ ಜಾಗದಲ್ಲಿ "ಇವರಿಗೆ ಕಂಪ್ಯೂಟರ್ ಮುಟ್ಟೋಕೆ ಬಿಟ್ಟೋರು ಯಾರು?" ಎಂದು ಬರೆದೆ. ಅವರು ಯಾರೆಂದು ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹಾಗೆ ಬರೆಯುತ್ತಿರಲಿಲ್ಲ ಎಂದು ಆಗ ನಿನ್ನ ಪರವಾಗಿ ಕೆಲವರು ವಾದಿಸಿದರು. ಅದು ನನಗೆ ಇವತ್ತಿಗೂ ಒಪ್ಪಿಗೆಯಾಗದ ವಾದ. ಕಣ್ಣಿರುವ ಹೊಸಬರಿಗಾದರೆ ಹಾಗೆ ಬರೆಯಬಹುದಿತ್ತೇ? ನಿಯಮದ ಪ್ರಕಾರ ನಾನು ಮೂವತ್ತು ದಿನ ನಿನ್ನ ಅಧಿಕಾರ ತಡೆಹಿಡಿದೆ. ನೀನು ಈ ಕೋಣೆಗೆ ಬಂದು, ಬೀಗದ ಕೈಯನ್ನು ಈ ಮೇಜಿನ ಮೇಲಿಟ್ಟು, "ತಗೋ, ನಿಂದೇ ಅಂಗಡಿ" ಎಂದು ಹೋದೆ. ತಡೆಹಿಡಿದದ್ದು ಸರಿಯೆಂದು ನಾನು ಈಗಲೂ ನಂಬುತ್ತೇನೆ. ಆದರೆ ಬೇರೊಬ್ಬರಾಗಿದ್ದರೆ ಮೊದಲು ಫೋನ್ ಮಾಡಿ ಮಾತಾಡುತ್ತಿದ್ದೆ. ಸ್ವಂತ ಅಣ್ಣನ ವಿಷಯದಲ್ಲಿ ಪಕ್ಷಪಾತಿ ಅನ್ನಿಸಿಕೊಳ್ಳಬಾರದೆಂದು ನೇರವಾಗಿ ನೋಟಿಸನ್ನೇ ಕಳಿಸಿದೆ. ನ್ಯಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನ ಹೆಸರು ಕಾಪಾಡಿಕೊಳ್ಳುತ್ತಿದ್ದೆ ಎಂಬ ಅನುಮಾನ ಈಚೆಗೆ ಬಂದಿದೆ.

ಇನ್ನೊಂದು ವಿಷಯ, ಇದು ಮೊನ್ನೆಯ ಸಭೆಯ ಕೋರಿಕೆ. ಹೆಸರು ಬದಲಾದರೆ ಶುರುವಿನ ಆ ಮಾತನ್ನು ಹೊಸದಾಗಿ ಧ್ವನಿಮುದ್ರಿಸಬೇಕು. ಲಿಫ್ಟ್ ಮೆಕ್ಯಾನಿಕ್ ತನ್ನ ದನಿ ಕೊಡಲು ಸಿದ್ಧನಾಗಿ ಗಂಟಲು ಸರಿಮಾಡಿಕೊಂಡ. ಟೀಚರ್ ಬೇಡವೆಂದರು. "ಹೆಸರಿನ ಮೇಲೆ ನನ್ನ ತಕರಾರು, ಆ ದನಿ ಮೇಲಲ್ಲ. ಮೂರು ವರ್ಷದಿಂದ ಬೆಳಗ್ಗೆ ಎದ್ದು ಮೊದ್ಲು ಕೇಳೋದು ಅವ್ರನ್ನೇ. ಅವ್ರೇ ಹೇಳ್ಲಿ" ಎಂದರು. ಅದಾದ ಮೇಲೆ, ಇನ್ನೊಂದು ಮಾತು ಮೆಲ್ಲಗೆ ಸೇರಿಸಿದರು. "ಆದ್ರೆ ಅವ್ರು ಉತ್ತರ ಕೊಡೋರಲ್ಲ ಬಿಡಿ, ನಾನು ಬರೆದು ನೋಡಿದೀನಿ." ನಾನು ತಲೆಯಾಡಿಸಿದೆ. ಟೀಚರ್‌ಗೆ ಅದು ಕಾಣಲಿಲ್ಲ, ಉಳಿದವರಿಗೆ ಕಂಡಿತು.

ಮೊಣಕಾಲಿಗೆ ಬಿಸಿನೀರು ಕಾಸಿ ಶಾಖ ಕೊಟ್ಟುಕೋ. ಗುಡ್ಡವನ್ನು ನಾಲ್ಕರ ಬದಲು ಮೂರು ಸಲ ಹತ್ತಿದರೆ ಗಾಳಿಯೇನೂ ಕೋಪಿಸಿಕೊಳ್ಳುವುದಿಲ್ಲ. ಅಲ್ಪವಿರಾಮ ನಿನಗೆ ನಮಸ್ಕಾರ ತಿಳಿಸಿದ್ದಾರೆ, ಮಾತಿನ ನಡುವೆ ಎರಡು ಕಡೆ ನಿಂತು. ಚಿಕ್ಕಮ್ಮನ ಆಶೀರ್ವಾದ ಬೇರೆ ಬರೆಯಬೇಕಿಲ್ಲ, ಬೈಗುಳದ ಜೊತೆಗೇ ತಲುಪಿರುತ್ತದೆ.

ಇತಿ,
ನಿನ್ನ ತಂಗಿ

ಮರೆತೆನೆಂದಲ್ಲ, ಮುಂದೂಡಿದೆ: ನಿಮ್ಮ ಕೇಂದ್ರಕ್ಕೆ ಸಾಮಾನು ಒಯ್ಯುವ ವ್ಯಾನ್ ಹತ್ತು ಗಂಟೆಗೆ ಹೊರಡುತ್ತದೆ, ಈಗ ಒಂಬತ್ತೂವರೆ. ಜೂನ್ ಒಂದರ ಮೇಲ್ ನಿನಗೆ ಬಂದಿಲ್ಲ. ಅದು ಹೋದದ್ದು ಬಳಗ ಕೊಟ್ಟಿದ್ದ ನಿನ್ನ ಹಳೆಯ ವಿಳಾಸಕ್ಕೆ. ಆ ವಿಳಾಸವನ್ನು ನೀನು ಕೀ ಇಟ್ಟುಹೋದ ಮಧ್ಯಾಹ್ನವೇ ನಾನು ಮುಚ್ಚಿದ್ದೆ. ಅದಕ್ಕೆ ಯಾವ ನಿಯಮವೂ ಇರಲಿಲ್ಲ, ಸಿಟ್ಟಿನಲ್ಲಿ ಮಾಡಿದೆ, ಆಮೇಲೆ ಮರೆತೂಬಿಟ್ಟೆ. ಮುಚ್ಚಿದ ವಿಳಾಸಕ್ಕೆ ಬಂದದ್ದನ್ನು ನಮ್ಮ ಸರ್ವರ್ ವಾಪಸ್ ಕಳಿಸುವುದಿಲ್ಲ, ಸದ್ದಿಲ್ಲದೆ ನುಂಗುತ್ತದೆ. ಹಾಗಾಗಿ ಬರೆದವರಿಗೆಲ್ಲ ನಿನಗೆ ತಲುಪಿದೆ ಎಂದೇ ಲೆಕ್ಕ. ನೀನು ಉತ್ತರ ಕೊಡುವವನಲ್ಲ ಎಂದು ಎಲ್ಲರೂ ಅಂದುಕೊಂಡರು. ನಿನಗೆ ಯಾರೂ ಬರೆಯಲಿಲ್ಲ ಎಂದು ನೀನು ಅಂದುಕೊಂಡಿರುತ್ತೀ. ಟೀಚರ್ ಮಾತಿನ ಮಾರನೆಯ ದಿನ ಸರ್ವರ್ ದಾಖಲೆ ತೆಗೆದು ನೋಡಿದೆ. ಕಾಗದಗಳು ಹೋದವು, ತರುವ ದಾರಿಯಿಲ್ಲ. ಯಾರು, ಯಾವ ದಿನ ಬರೆದರು ಎಂಬುದಷ್ಟೇ ಉಳಿದಿದೆ. ಮೂರು ವರ್ಷದಲ್ಲಿ ಅರವತ್ತಮೂರು. ಪಟ್ಟಿ ಇಟ್ಟಿದ್ದೇನೆ, ನೋಡು. ಅಲ್ಪವಿರಾಮ ಒಂಬತ್ತು ಸಲ ಬರೆದಿದ್ದಾರೆ. ಟೀಚರ್ ಹನ್ನೊಂದು ಸಲ, ಮೊದಲನೆಯದು ನೀನು ಹೋದ ನಾಲ್ಕನೇ ದಿನ. ಏನು ಬರೆದಿದ್ದಿರಿ ಎಂದು ನಾನು ಕೇಳಲಿಲ್ಲ, ಅದು ನಿನಗೆ ಬರೆದದ್ದು. ನಿನ್ನೆ ಬಳಗಕ್ಕೆಲ್ಲ ಗುಂಪು ಮೇಲ್‌ನಲ್ಲಿ ನನ್ನ ಹೆಸರಿನಲ್ಲೇ ತಿಳಿಸಿದೆ. ಟೀಚರ್ ಫೋನ್ ಮಾಡಿ "ಹಾಗಾದ್ರೆ ಅವ್ರಿಗೆ ಸಿಕ್ಕೇ ಇಲ್ವಾ?" ಎಂದು ಮೂರು ಸಲ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹದಿನಾಲ್ಕು ದಿನ ಈ ಪತ್ರ ನಿನ್ನ ಕೈ ಸೇರಿದ ದಿನದಿಂದ ಶುರು. ವ್ಯಾನಿನವರ ಹತ್ತಿರ ರಸೀದಿಗೆ ಸಹಿ ಹಾಕಿ ಕಳಿಸು. ಬೇಡ ಎಂದರೂ ಸರಿ, ಬರೆದು ಹೇಳು. ವಿಳಾಸ ಮತ್ತೆ ತೆರೆದಿದ್ದೇನೆ. ಪಟ್ಟಿಯಲ್ಲಿ ನನ್ನ ಹೆಸರು ಹುಡುಕಬೇಡ, ಇಲ್ಲ. ಅರವತ್ತನಾಲ್ಕನೆಯದು ಇದು.